ಸುಟ್ಟ ಕಾಳಿನಿಂದ ಒಂದು ಊರನ್ನು ಓದುವುದು: ಜೆಯ್ತುನ್ ಉತ್ಖನನವನ್ನು ಆಧರಿಸಿದ ಎರಡು ಅವಧಿಗಳ ಪಾಠ

ಪಾಠದ ಹಿನ್ನೆಲೆ

ಎಂಟನೇ ತರಗತಿಯ ವಿಜ್ಞಾನದಲ್ಲಿ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಎಂಬ ಪಾಠವಿದೆ. ಅದೇ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸದ ಆಧಾರಗಳ ಪಾಠವಿದೆ. ಒಂದರಲ್ಲಿ ಬಿತ್ತನೆ, ಕೊಯ್ಲು, ಒಕ್ಕಣೆ, ತೂರುವುದು ಬರುತ್ತವೆ. ಇನ್ನೊಂದರಲ್ಲಿ ಉತ್ಖನನ, ಪಳೆಯುಳಿಕೆ, ಮಡಕೆ ಚೂರುಗಳು ಬರುತ್ತವೆ. ಎರಡನ್ನೂ ಬೇರೆ ಬೇರೆ ಶಿಕ್ಷಕರು ಬೇರೆ ಬೇರೆ ತಿಂಗಳಲ್ಲಿ ಮಾಡುತ್ತಾರೆ. ಹೀಗಾಗಿ ‘ನವಶಿಲಾಯುಗದ ಜನ ವ್ಯವಸಾಯ ಮಾಡುತ್ತಿದ್ದರು’ ಎಂಬ ವಾಕ್ಯವನ್ನು ಮಕ್ಕಳು ಬರೆದುಕೊಳ್ಳುತ್ತಾರೆ, ಕಂಠಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾರೆ. ಅದು ನಮಗೆ ಹೇಗೆ ಗೊತ್ತಾಯಿತು ಎಂದು ಕೇಳುವ ಅವಕಾಶ ಅವರಿಗೆ ಸಿಗುವುದೇ ಇಲ್ಲ.

ಈ ವರ್ಷದ ಅಭ್ಯಾಸ ಬೋಧನೆಯಲ್ಲಿ ನನಗೆ ಚಿತ್ರದುರ್ಗ ಜಿಲ್ಲೆಯ ಒಂದು ಗ್ರಾಮೀಣ ಪ್ರೌಢಶಾಲೆ ದೊರೆತಿತ್ತು. ಅಲ್ಲಿನ ಸಮಾಜ ವಿಜ್ಞಾನ ಶಿಕ್ಷಕರೊಂದಿಗೆ ಮಾತನಾಡಿ, ಅವರ ಒಂದು ಅವಧಿಯನ್ನು ನನ್ನ ಒಂದು ಅವಧಿಗೆ ಸೇರಿಸಿ, ಎರಡೂ ವಿಷಯಗಳನ್ನು ಜೋಡಿಸುವ ಪಾಠವೊಂದನ್ನು ಸಿದ್ಧಪಡಿಸಿದೆ. ಪಾಠಕ್ಕೆ ಆರಿಸಿಕೊಂಡದ್ದು ಮಧ್ಯ ಏಷ್ಯಾದ ತುರ್ಕ್‌ಮೆನಿಸ್ತಾನದಲ್ಲಿರುವ ಜೆಯ್ತುನ್ ಎಂಬ ಪುಟ್ಟ ಊರು. ಸುಮಾರು 8000 ವರ್ಷಗಳ ಹಿಂದೆ ಅಲ್ಲಿ ಜನ ವಾಸವಾಗಿದ್ದರು. ಅಲ್ಲಿ ರಾಜ, ಕೋಟೆ, ಶಾಸನ, ನಾಣ್ಯ ಯಾವುದೂ ಇಲ್ಲ. ಇರುವುದು ಮಣ್ಣಿನ ಗೋಡೆ, ಒಲೆ, ಬೂದಿ, ಮೂಳೆ, ಚಕಮಕಿ ಕಲ್ಲು ಮತ್ತು ಕರಕಲಾದ ಕಾಳು. ಇಷ್ಟರಿಂದಲೇ ಒಂದು ಊರಿನ ದಿನನಿತ್ಯದ ಬದುಕನ್ನೂ ಆರ್ಥಿಕತೆಯನ್ನೂ ಹೇಗೆ ಓದಬಹುದು ಎಂಬುದೇ ಪಾಠದ ತಿರುಳು.

ಪಾಠಯೋಜನೆಯ ಚೌಕಟ್ಟು

ತರಗತಿ: 8. ಅವಧಿಗಳು: 2, ತಲಾ 40 ನಿಮಿಷ. ವಿಧಾನ: ಚಟುವಟಿಕೆ ಮತ್ತು ಚರ್ಚೆ.

ಪೂರ್ವಜ್ಞಾನ: ಒಕ್ಕಣೆ, ತೂರುವುದು, ಹೊಟ್ಟು ಬೇರ್ಪಡಿಸುವುದು ಮಕ್ಕಳಿಗೆ ಮನೆಯಿಂದಲೇ ಗೊತ್ತು. ಗ್ರಾಫ್ ಹಾಳೆಯ ಮೇಲೆ ಬಿಂದು ಗುರುತಿಸಲು ಬರುತ್ತದೆ.

ಉದ್ದೇಶಗಳು: ವಿದ್ಯಾರ್ಥಿಗಳು (1) ಕಂಡದ್ದಕ್ಕೂ ಅದರಿಂದ ಊಹಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವರು, (2) ಸುಟ್ಟ ಬೀಜಗಳನ್ನು ಮಣ್ಣಿನಿಂದ ಬೇರ್ಪಡಿಸುವ ವಿಧಾನವನ್ನು ಮಾಡಿ ತೋರಿಸುವರು, (3) ಅರ್ಧಾಯುವಿನ ಗ್ರಾಫ್‌ನಿಂದ ಕಾಲವನ್ನು ಅಂದಾಜಿಸುವರು, (4) ಒಂದು ವೈಜ್ಞಾನಿಕ ಊಹೆಯನ್ನು ಹೊಸ ಸಾಕ್ಷ್ಯ ಹೇಗೆ ಪರೀಕ್ಷಿಸುತ್ತದೆ ಎಂದು ವಿವರಿಸುವರು.

ಸಾಮಗ್ರಿ: ಏಷ್ಯಾದ ಭೂಪಟ, ಎರಡು ಬಕೆಟ್, ನೀರು, ಟೀ ಸೋಸುವ ಜಾಲರಿ, ಹಳೆಯ ತೆಳು ಬಟ್ಟೆ, ಹೊಲದ ಮಣ್ಣು, ಹೆಂಚಿನ ಮೇಲೆ ಕರಿಕು ಮಾಡಿದ ಭತ್ತ, ರಾಗಿ, ಹುರುಳಿ, ಗ್ರಾಫ್ ಹಾಳೆ, ಭತ್ತದ ಹುಲ್ಲು, ಕೈ ಮಸೂರ.

ಕಪ್ಪುಹಲಗೆಯ ಮೇಲೆ ಮೊದಲೇ ಮೂರು ಕಾಲಂ ಎಳೆದಿಟ್ಟಿದ್ದೆ: ‘ಸಿಕ್ಕಿದ್ದು’, ‘ಇದರಿಂದ ಏನು ಹೇಳಬಹುದು’, ‘ಬೇರೆ ಏನಿರಬಹುದು’. ಎರಡೂ ಅವಧಿಗಳ ಎಲ್ಲ ಮಾತೂ ಈ ಮೂರರೊಳಗೇ ನಡೆಯಬೇಕು ಎಂಬುದು ಮಕ್ಕಳಿಗೂ ನನಗೂ ಇದ್ದ ನಿಯಮ.

ಸ್ಥಳ ಪರಿಚಯ

ತುರ್ಕ್‌ಮೆನಿಸ್ತಾನದ ದಕ್ಷಿಣ ಗಡಿಯಲ್ಲಿ ಕೊಪೆತ್ ದಾಗ್ ಪರ್ವತ ಸಾಲಿದೆ, ಅದರಾಚೆ ಇರಾನ್. ಬೆಟ್ಟದ ಉತ್ತರಕ್ಕೆ ಕಿರಿದಾದ ಬಯಲು, ಬಯಲು ಮುಗಿದ ಕೂಡಲೇ ಕಾರಾಕುಮ್ ಮರುಭೂಮಿ. ರಾಜಧಾನಿ ಅಶ್ಗಾಬಾತ್ ಇರುವುದು ಈ ಬಯಲಿನಲ್ಲಿ. ಅಲ್ಲಿಂದ ಸುಮಾರು 30 ಕಿ.ಮೀ. ದೂರದಲ್ಲಿ, ಮರಳು ದಿಬ್ಬಗಳು ಶುರುವಾಗುವ ಅಂಚಿನಲ್ಲಿ ಜೆಯ್ತುನ್ ದಿಬ್ಬವಿದೆ. ವರ್ಷಕ್ಕೆ ಬೀಳುವ ಮಳೆ 200 ಮಿ.ಮೀ. ಆಸುಪಾಸು, ಅದೂ ಹೆಚ್ಚಾಗಿ ಚಳಿಗಾಲ ಮತ್ತು ವಸಂತದಲ್ಲಿ. ನಮ್ಮ ಜಿಲ್ಲೆಯ ಒಣ ತಾಲ್ಲೂಕುಗಳಲ್ಲಿ ಬೀಳುವ ಮಳೆ ಇದರ ಎರಡು ಪಟ್ಟಿಗೆ ಸಮೀಪ. ಈ ಒಂದು ಹೋಲಿಕೆ ಸಾಕಾಯಿತು. ‘ಹಂಗಾದ್ರೆ ಅಲ್ಲಿ ಗೋಧಿ ಹೆಂಗೆ ಬೆಳೀತಿದ್ರು?’ ಎಂಬ ಪ್ರಶ್ನೆ ಮಕ್ಕಳಿಂದಲೇ ಬಂತು. ಅದನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಉತ್ತರವನ್ನು ಎರಡನೇ ಅವಧಿಗೆ ಉಳಿಸಿಕೊಂಡೆ.

ಈ ಪ್ರದೇಶದ ಉತ್ಖನನದ ಇತಿಹಾಸವನ್ನು ಮೂರು ಹಂತಗಳಲ್ಲಿ ಹೇಳಿದೆ. ಅಶ್ಗಾಬಾತ್ ಸಮೀಪದ ಅನೌ ಎಂಬಲ್ಲಿ 1886ರಲ್ಲಿ ಕೊಮರೊವ್ ಎಂಬ ರಷ್ಯನ್ ಸೇನಾಧಿಕಾರಿ ನಿಧಿಯ ಆಸೆಯಿಂದ ದಿಬ್ಬವನ್ನು ಸೀಳಿ ಕಂದಕ ತೋಡಿಸಿದ. 1904ರಲ್ಲಿ ಅಮೆರಿಕದ ಭೂವಿಜ್ಞಾನಿ ರಾಫೆಲ್ ಪಂಪೆಲ್ಲಿ ಅದೇ ಅನೌನಲ್ಲಿ ಅಗೆದ. ಅವನು ಹುಡುಕಿದ್ದು ಪದರಗಳನ್ನು, ಮೂಳೆಗಳನ್ನು, ಮಡಕೆಯ ಮಣ್ಣಿನಲ್ಲಿ ಸೇರಿಕೊಂಡ ಹೊಟ್ಟಿನ ಗುರುತುಗಳನ್ನು. ಮೂಳೆಗೆ ಒಬ್ಬ, ಮಡಕೆಗೆ ಒಬ್ಬ ಎಂಬಂತೆ ಬೇರೆ ಬೇರೆ ತಜ್ಞರಿಂದ ಪರೀಕ್ಷೆ ಮಾಡಿಸಿದ. ಒಂದೇ ಊರಿನ ದಿಬ್ಬಗಳು, ಒಂದೇ ಮಣ್ಣು. ಕೇಳಿದ ಪ್ರಶ್ನೆ ಮಾತ್ರ ಬೇರೆ. ಮೂರನೇ ಹಂತದಲ್ಲಿ, 1950ರ ದಶಕದಿಂದ ಸೋವಿಯತ್ ಪುರಾತತ್ತ್ವಜ್ಞರು, ಮುಖ್ಯವಾಗಿ ವಿ. ಎಂ. ಮಾಸ್ಸನ್, ಜೆಯ್ತುನ್ ಅನ್ನು ವ್ಯಾಪಕವಾಗಿ ಅಗೆದರು. 1989ರಿಂದ ಲಂಡನ್ನಿನ ಡೇವಿಡ್ ಹ್ಯಾರಿಸ್ ಮತ್ತು ಸಂಗಡಿಗರು ಅಲ್ಲಿನ ಪುರಾತತ್ತ್ವಜ್ಞರೊಂದಿಗೆ ಸೇರಿ, ಹೊಸ ವಿಧಾನಗಳಿಂದ ಮತ್ತೆ ಕೆಲಸ ಮಾಡಿದರು.

ಮೊದಲ ಅವಧಿ: ಮನೆ, ಒಲೆ, ಕುಡುಗೋಲು

ಊರಿನ ವಿಸ್ತೀರ್ಣ ಒಂದು ಹೆಕ್ಟೇರಿಗಿಂತ ಕಡಿಮೆ. ಸುಮಾರು 30 ಮನೆಗಳು. ಪ್ರತಿ ಮನೆಯೂ ಒಂದೇ ಕೋಣೆ, ಹೆಚ್ಚು ಕಡಿಮೆ ಚೌಕಾಕಾರ, ಒಳಗೆ 20ರಿಂದ 30 ಚದರ ಮೀಟರ್. ಗೋಡೆಗೆ ಬಳಸಿದ್ದು ಅಚ್ಚಿನ ಇಟ್ಟಿಗೆಯಲ್ಲ. ಹುಲ್ಲು ಕತ್ತರಿಸಿ ಬೆರೆಸಿದ ಜೇಡಿಮಣ್ಣನ್ನು ಕೈಯಲ್ಲೇ ಹೊರಳಿಸಿ ಮಾಡಿದ, ಸುಮಾರು 60–70 ಸೆಂ.ಮೀ. ಉದ್ದದ ಉರುಳೆಯಂಥ ಗಟ್ಟಿಗಳು. ಒಂದು ಗೋಡೆಗೆ ಒತ್ತಿ ದೊಡ್ಡ ಒಲೆ. ಅದರ ಎದುರು ಗೋಡೆಯಲ್ಲಿ ಗೂಡಿನಂಥ ಸಣ್ಣ ರಚನೆ. ನೆಲಕ್ಕೆ ಗಾರೆ ಬಳಿದು ಕೆಲವೆಡೆ ಬಣ್ಣ ಹಚ್ಚಿದ್ದಾರೆ. ಮನೆಯ ಪಕ್ಕ ಅಂಗಳ ಮತ್ತು ಸಣ್ಣ ಹೊರಕಟ್ಟಡಗಳು.

ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಎಳೆದು, ಒಲೆ, ಗೂಡು ಗುರುತಿಸಿದೆವು. ಆರು ಮಕ್ಕಳು ಒಳಗೆ ಕುಳಿತು ಮಲಗಲು ಜಾಗ, ಕಾಳು ಇಡಲು ಜಾಗ, ಅಡುಗೆಗೆ ಜಾಗ ಹಂಚಿಕೊಂಡರು. ‘ಊರಲ್ಲಿ ಎಷ್ಟು ಜನ ಇದ್ದಿರಬಹುದು?’ ಎಂದು ಕೇಳಿದಾಗ, 30 ಮನೆಗೆ ಮನೆಗೆ ಐದಾರು ಜನ ಎಂದು ಗುಣಿಸಿ 150, 180 ಎಂದರು. ಮಾಸ್ಸನ್ ಅಂದಾಜು ಮಾಡಿದ್ದೂ 150ರಿಂದ 200. ಇಲ್ಲಿಗೆ ನಿಲ್ಲಿಸಿದ್ದರೆ ಅದು ಗುಣಾಕಾರದ ಲೆಕ್ಕವಾಗುತ್ತಿತ್ತು. ಮೂರನೇ ಕಾಲಂ ತುಂಬಿಸಲು ಕೇಳಿದೆ. ‘ಎಲ್ಲಾ ಮನೆಯಲ್ಲೂ ಒಂದೇ ಸಲ ಜನ ಇದ್ರು ಅಂತ ಹೆಂಗೆ ಹೇಳೋದು ಮಿಸ್? ನಮ್ಮೂರಲ್ಲಿ ನಾಲ್ಕು ಮನೆ ಬೀಗ ಹಾಕವ್ರೆ’ ಎಂದ ಒಬ್ಬ. ಜನಸಂಖ್ಯೆಯ ಅಂದಾಜು ಮಾಡುವ ಪ್ರತಿಯೊಬ್ಬ ಪುರಾತತ್ತ್ವಜ್ಞನೂ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು.

ಮನೆಗಳೆಲ್ಲ ಹೆಚ್ಚು ಕಡಿಮೆ ಒಂದೇ ಅಳತೆ, ಒಂದೇ ವಿನ್ಯಾಸ. ಇದರಿಂದ ಏನು ಹೇಳಬಹುದು? ‘ಬಡವ ಬಲ್ಲಿದ ಇರಲಿಲ್ಲ’ ಎಂಬ ಉತ್ತರ ಬೇಗ ಬಂತು. ಬೇರೆ ಏನಿರಬಹುದು? ‘ಮನೆ ಒಂದೇ ಥರ ಇದ್ರೂ ಕುರಿ ಜಾಸ್ತಿ ಇರೋರು ಇರ್ತಾರೆ’ ಎಂಬ ಉತ್ತರ ಸ್ವಲ್ಪ ತಡವಾಗಿ ಬಂತು. ಎರಡೂ ಹಲಗೆಯ ಮೇಲೆ ಉಳಿದವು.

ನಂತರ ಕುಡುಗೋಲು. ಜೆಯ್ತುನ್‌ನಲ್ಲಿ ಲೋಹವಿರಲಿಲ್ಲ. ಚಕಮಕಿ ಕಲ್ಲಿನ ತೆಳುವಾದ ಅಲಗುಗಳನ್ನು ಎಬ್ಬಿ, ಅವುಗಳ ತುಂಡುಗಳನ್ನು ಮರದ ಅಥವಾ ಮೂಳೆಯ ಹಿಡಿಯ ಸೀಳಿನಲ್ಲಿ ಸಾಲಾಗಿ ಕೂರಿಸುತ್ತಿದ್ದರು. ಹಿಡಿ ಕೊಳೆತು ಹೋದರೂ ಅಲಗು ಉಳಿಯುತ್ತದೆ. ಆದರೆ ಸಣ್ಣದೊಂದು ಕಲ್ಲಿನ ಚೂರು ಕುಡುಗೋಲಿನ ಹಲ್ಲೋ ಚರ್ಮ ಕೊಯ್ಯುವ ಚೂರಿಯೋ ಎಂದು ತಿಳಿಯುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟದ್ದು ಸೂಕ್ಷ್ಮದರ್ಶಕ. ಉಪಕರಣಗಳ ಅಂಚಿನ ಸವೆತ ನೋಡಿ ಅವುಗಳ ಬಳಕೆ ಹೇಳುವ ವಿಧಾನವನ್ನು ಸೋವಿಯತ್ ವಿಜ್ಞಾನಿ ಸೆರ್ಗೆಯ್ ಸೆಮ್ಯೊನೊವ್ ಬೆಳೆಸಿದರು. ಆ ವಿಷಯದ ಅವರ ಪುಸ್ತಕ ಪ್ರಕಟವಾದದ್ದು 1957ರಲ್ಲಿ. ಗಲೀನಾ ಕೊರೊಬ್ಕೊವಾ ಅದೇ ವಿಧಾನದಿಂದ ಜೆಯ್ತುನ್‌ನ ಕಲ್ಲಿನ ಉಪಕರಣಗಳನ್ನು ಪರಿಶೀಲಿಸಿದರು. ಕುಡುಗೋಲಿಗೆ ಸೇರಿದ ಅಲಗುಗಳು ಉಪಕರಣಗಳಲ್ಲಿ ದೊಡ್ಡ ಪಾಲು ಎಂದು ಕಂಡುಬಂತು.

ಇಲ್ಲಿ ವಿಜ್ಞಾನ ಶಿಕ್ಷಕರಿಗೆ ಒಳ್ಳೆಯ ಅವಕಾಶವಿದೆ. ಭತ್ತದ ಹುಲ್ಲನ್ನು ಎಲ್ಲರ ಕೈಗೂ ಕೊಟ್ಟು ಅಂಚನ್ನು ಮೆಲ್ಲಗೆ ಸವರಿ ನೋಡಿ ಎಂದೆ. ಹುಲ್ಲು ಏಕೆ ಕೈ ಕೊಯ್ಯುತ್ತದೆ? ಹುಲ್ಲಿನ ಜಾತಿಯ ಗಿಡಗಳು ಮಣ್ಣಿನಿಂದ ಸಿಲಿಕಾವನ್ನು ಹೀರಿ ಕಾಂಡ, ಎಲೆಗಳಲ್ಲಿ ಕೂಡಿಸಿಕೊಳ್ಳುತ್ತವೆ. ಭತ್ತದ ಹೊಟ್ಟಿನ ಬೂದಿಯಿಂದ ಪಾತ್ರೆ ತಿಕ್ಕಿದರೆ ಫಳಫಳ ಎನ್ನುವುದೂ ಅದರಿಂದಲೇ. ಸಾವಿರಾರು ದಂಟು ಕೊಯ್ದ ಕಲ್ಲಿನ ಅಂಚು ಕನ್ನಡಿಯಂತೆ ಮಿನುಗತೊಡಗುತ್ತದೆ. ಆ ಮಿನುಗೇ ಸಾಕ್ಷ್ಯ. ಮೂರನೇ ಕಾಲಂಗೆ ನಾನೇ ಒಂದು ಸೇರಿಸಿದೆ: ಜೊಂಡು, ಹುಲ್ಲು ಕೊಯ್ದರೂ ಮಿನುಗು ಬರಬಹುದು. ಹಾಗಾದರೆ ಕಾಳೇ ಬೇಕು.

ಚಟುವಟಿಕೆ: ಬೂದಿಯಿಂದ ಕಾಳು ತೇಲಿಸುವುದು

ಕಾಳು ಮಣ್ಣಿನಲ್ಲಿ 8000 ವರ್ಷ ಹೇಗೆ ಉಳಿಯುತ್ತದೆ? ಹಸಿ ಕಾಳು ಉಳಿಯದು. ಮೊಳೆಯುತ್ತದೆ, ಕೊಳೆಯುತ್ತದೆ ಅಥವಾ ಹುಳು ತಿನ್ನುತ್ತದೆ. ಒಲೆಯ ಬಳಿ ಚೆಲ್ಲಿ, ಗಾಳಿ ಸರಿಯಾಗಿ ಆಡದ ಬೂದಿಯೊಳಗೆ ಬೆಂದು ಕರಕಲಾದರೆ ಬಹುಪಾಲು ಇಂಗಾಲವಾಗಿ ಉಳಿಯುತ್ತದೆ. ಇಂಗಾಲವನ್ನು ಸೂಕ್ಷ್ಮಜೀವಿಗಳು ತಿನ್ನುವುದಿಲ್ಲ. ಕಾಳಿನ ಆಕಾರ ಹಾಗೆಯೇ ನಿಲ್ಲುತ್ತದೆ. ‘ಅಂದ್ರೆ ಅವತ್ತು ಅಡುಗೆ ಸೀದು ಹೋಗಿದ್ದೇ ಒಳ್ಳೇದಾಯ್ತು’ ಎಂದಳು ಒಬ್ಬ ಹುಡುಗಿ. ತರಗತಿ ನಕ್ಕಿತು, ಮಾತು ಸರಿಯಾಗಿತ್ತು. ಕರಕಲಾಗುವಿಕೆಯನ್ನು ಇದಕ್ಕಿಂತ ಚೆನ್ನಾಗಿ ನೆನಪಿಡುವ ವಾಕ್ಯ ನನ್ನಲ್ಲಿ ಇರಲಿಲ್ಲ.

ಮಾಸ್ಸನ್ ಕಾಲದಲ್ಲಿ ಜೆಯ್ತುನ್‌ನ ಬೆಳೆಗಳ ಬಗ್ಗೆ ತಿಳಿದದ್ದು ಮುಖ್ಯವಾಗಿ ಗೋಡೆಯ ಮಣ್ಣಿನಲ್ಲಿ ಅಚ್ಚೊತ್ತಿದ್ದ ಕಾಳು, ಹುಲ್ಲಿನ ಗುರುತುಗಳಿಂದ. ಹ್ಯಾರಿಸ್ ಅವರ ತಂಡ ಬೂದಿ, ಕಸದ ಮಣ್ಣನ್ನು ನೀರಿಗೆ ಹಾಕಿ ತೇಲಿಸುವ ವಿಧಾನ ಬಳಸಿತು. ನಾವು ಮಾಡಿದ್ದೂ ಅದನ್ನೇ, ಚಿಕ್ಕ ಪ್ರಮಾಣದಲ್ಲಿ.

1. ಒಣಗಿದ ಹೊಲದ ಮಣ್ಣಿಗೆ ಕರಿಕು ಮಾಡಿದ ಭತ್ತ, ರಾಗಿ, ಹುರುಳಿಯನ್ನು ಬೆರೆಸಿ ಪ್ರತಿ ಗುಂಪಿಗೂ ಒಂದು ಬಟ್ಟಲು ಕೊಡಲಾಯಿತು. ಯಾವುದು ಎಷ್ಟು ಎಂದು ಹೇಳಲಿಲ್ಲ.
2. ಬಕೆಟ್ಟಿನ ನೀರಿಗೆ ಮಣ್ಣನ್ನು ನಿಧಾನವಾಗಿ ಸುರಿದು ಕೈಯಿಂದ ಮೆಲ್ಲಗೆ ಕಲಕಿದರು.
3. ಮೇಲೆ ತೇಲಿದ್ದನ್ನು ತೆಳು ಬಟ್ಟೆ ಹಾಸಿದ ಜಾಲರಿಗೆ ಬಗ್ಗಿಸಿದರು.
4. ತಳದಲ್ಲಿ ಉಳಿದ ಮಣ್ಣನ್ನು ಬೇರೆ ಜಾಲರಿಯಲ್ಲಿ ತೊಳೆದರು.
5. ಎರಡನ್ನೂ ನೆರಳಲ್ಲಿ ಒಣಗಿಸಿ ಮಸೂರದಲ್ಲಿ ನೋಡಿ ವಿಂಗಡಿಸಿದರು.

ಭತ್ತ, ರಾಗಿ ಬಹುಪಾಲು ತೇಲಿದವು. ಹುರುಳಿಯಲ್ಲಿ ಕೆಲವು ಮುಳುಗಿದವು. ಒಳಗಿನ ಗಾಳಿಯ ರಂಧ್ರಗಳಿಂದ ಸಾಂದ್ರತೆ ಕಡಿಮೆಯಾದದ್ದು ತೇಲುತ್ತದೆ ಎಂದು ಸಾಂದ್ರತೆಯ ಪಾಠ ನೆನಪಿಸಿಕೊಂಡರು. ತೇಲಿದ್ದನ್ನು ಮಾತ್ರ ಎಣಿಸಿ ‘ಈ ಊರಲ್ಲಿ ಹುರುಳಿ ಕಡಿಮೆ’ ಎಂದರೆ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಉತ್ಖನನಕಾರರು ತಳದ ಭಾಗವನ್ನೂ ಜೋಪಾನವಾಗಿ ಏಕೆ ತೊಳೆಯುತ್ತಾರೆ ಎಂಬುದು ಹೇಳದೆಯೇ ತಿಳಿಯಿತು.

ಎರಡನೇ ಅವಧಿ: ಕಾಲವನ್ನು ಓದುವುದು

ಜೀವಿಗಳಲ್ಲಿ ಕಾರ್ಬನ್–14 ಎಂಬ ವಿಕಿರಣಶೀಲ ಇಂಗಾಲ ಅತಿ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಜೀವ ಹೋದ ಮೇಲೆ ಹೊಸದು ಸೇರುವುದಿಲ್ಲ; ಇದ್ದದ್ದು 5730 ವರ್ಷಗಳಿಗೆ ಅರ್ಧದಂತೆ ಕಡಿಮೆಯಾಗುತ್ತ ಹೋಗುತ್ತದೆ. ಇದನ್ನು ಕಾಲನಿರ್ಣಯಕ್ಕೆ ಬಳಸಬಹುದೆಂದು 1940ರ ದಶಕದ ಕೊನೆಯಲ್ಲಿ ತೋರಿಸಿದ ವಿಲ್ಲಾರ್ಡ್ ಲಿಬ್ಬಿಗೆ 1960ರ ರಸಾಯನಶಾಸ್ತ್ರ ನೊಬೆಲ್ ಬಂತು.

ಗ್ರಾಫ್ ಹಾಳೆಯಲ್ಲಿ ಮಕ್ಕಳು ಮೂರು ಬಿಂದು ಗುರುತಿಸಿದರು: 0 ವರ್ಷಕ್ಕೆ 100, 5730 ವರ್ಷಕ್ಕೆ 50, 11460 ವರ್ಷಕ್ಕೆ 25. ನಂತರ 8000 ವರ್ಷದ ಎದುರು ಎಷ್ಟು ಉಳಿದಿರಬೇಕು ಎಂದು ಓದಲು ಹೇಳಿದೆ. ಬಿಂದುಗಳನ್ನು ಅಳತೆಪಟ್ಟಿಯಿಂದ ನೇರ ಗೆರೆಗಳಲ್ಲಿ ಸೇರಿಸಿದವರಿಗೆ 40 ಬಂತು. ಕೈಯಿಂದ ಬಾಗಿದ ಗೆರೆ ಎಳೆದವರಿಗೆ 38ರ ಹತ್ತಿರ ಬಂತು. ಯಾವುದು ಸರಿ ಎಂದು ವಾದವಾಯಿತು. ಕ್ಷಯಿಸುವ ವೇಗ ಉಳಿದ ಪ್ರಮಾಣಕ್ಕೆ ತಕ್ಕಂತೆ ನಿಧಾನವಾಗುತ್ತ ಹೋಗುವುದರಿಂದ ಗೆರೆ ಬಾಗಲೇಬೇಕು. ಲೆಕ್ಕ ಹಾಕಿದರೂ ಶೇ. 38 ಬರುತ್ತದೆ. ವಾತಾವರಣದಲ್ಲಿ ಕಾರ್ಬನ್–14ರ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಇರಲಿಲ್ಲವಾದ್ದರಿಂದ, ಮರದ ಉಂಗುರಗಳಂಥ ಬೇರೆ ಆಧಾರಗಳೊಂದಿಗೆ ತಾಳೆ ನೋಡಿ ಕಾಲವನ್ನು ತಿದ್ದುತ್ತಾರೆ ಎಂದಷ್ಟೇ ಹೇಳಿ ಮುಂದುವರಿದೆ.

ಹಿಂದೆ ಈ ಪರೀಕ್ಷೆಗೆ ಹೆಚ್ಚು ಇದ್ದಿಲು ಬೇಕಾಗುತ್ತಿತ್ತು. ನಂತರ ಬಂದ ವೇಗವರ್ಧಕ ವಿಧಾನದಲ್ಲಿ ಕೆಲವೇ ಮಿಲಿಗ್ರಾಂ ಸಾಕು. ಒಂದೇ ಒಂದು ಕಾಳಿನ ವಯಸ್ಸನ್ನು ಹೇಳಬಹುದು. ಇದರ ಲಾಭವನ್ನು ಮಕ್ಕಳು ತಾವೇ ಹೇಳಿದರು: ಮರದ ತೊಲೆ ಮನೆ ಕಟ್ಟುವುದಕ್ಕಿಂತ ಎಷ್ಟೋ ಮೊದಲು ಕಡಿದ ಹಳೆಯ ಮರದ್ದಿರಬಹುದು, ಆದರೆ ಕಾಳು ಆಯಾ ವರ್ಷದ್ದೇ. ಜೆಯ್ತುನ್‌ನ ಸುಟ್ಟ ಕಾಳುಗಳು ಕೊಟ್ಟ ಕಾಲ ಸುಮಾರು ಕ್ರಿ.ಪೂ. 6000.

ಕಾಳು ಯಾವುದು? ಎಲ್ಲಿಂದ ಬಂತು?

ತೇಲಿಬಂದದ್ದರಲ್ಲಿ ಮುಖ್ಯವಾದದ್ದು ಐನ್‌ಕಾರ್ನ್ ಎಂಬ ಹಳೆಯ ಗೋಧಿ. ಜೊತೆಗೆ ಬಾರ್ಲಿ, ಅಂದರೆ ಜವೆಗೋಧಿ. ಸ್ವಲ್ಪ ಎಮ್ಮರ್ ಗೋಧಿ. ಎಮ್ಮರ್ ನಮಗೆ ಅಪರಿಚಿತವಲ್ಲ: ಉತ್ತರ ಕರ್ನಾಟಕದ ಕೆಲವೆಡೆ ಇಂದಿಗೂ ಬೆಳೆಯುವ ಕಪ್ಲಿ ಗೋಧಿ ಅದೇ ಜಾತಿ. ಐನ್‌ಕಾರ್ನ್ ಕಾಳಿಗೆ ಭತ್ತದ ಹಾಗೆ ಹೊಟ್ಟು ಬಿಗಿಯಾಗಿ ಅಂಟಿರುತ್ತದೆ. ಬಡಿದರೆ ಬಿಡದು, ಕುಟ್ಟಬೇಕು. ಕಾಳಿನ ಜೊತೆ ಹೊಟ್ಟಿನ ತುಂಡುಗಳೂ ಕರಕಲಾಗಿ ಉಳಿದರೆ ಊರಿನೊಳಗೇ ಕುಟ್ಟಿ ಕೇರುತ್ತಿದ್ದರು ಎಂದು ಹೇಳಬಹುದು. ಒರಳು, ಒನಕೆ, ಮೊರ ಕಂಡ ಮಕ್ಕಳಿಗೆ ಇದನ್ನು ವಿವರಿಸಬೇಕಾಗಲಿಲ್ಲ.

ಇದು ಬಿತ್ತಿ ಬೆಳೆದದ್ದೋ, ಕಾಡಿನಿಂದ ಆರಿಸಿದ್ದೋ? ಕಾಡುಗೋಧಿಯ ತೆನೆ ಹಣ್ಣಾದ ಕೂಡಲೇ ಬಿಡಿಬಿಡಿಯಾಗಿ ಉದುರುತ್ತದೆ. ಬೀಜ ಹರಡಲು ಗಿಡಕ್ಕೆ ಅದು ಬೇಕು. ಉದುರಿದ ಜಾಗದ ಗಾಯ ನುಣುಪಾಗಿರುತ್ತದೆ. ಉದುರದೆ ತೆನೆಯಲ್ಲೇ ನಿಂತ ಕಾಳನ್ನು ಮನುಷ್ಯ ಕೊಯ್ದು, ಅದನ್ನೇ ಮತ್ತೆ ಬಿತ್ತುತ್ತ ಬಂದರೆ ತಲೆಮಾರುಗಳಲ್ಲಿ ಉದುರದ ಜಾತಿ ಉಳಿಯುತ್ತದೆ. ಅದನ್ನು ಬಡಿದು ಮುರಿಯಬೇಕಾದ್ದರಿಂದ ಗಾಯ ಒರಟಾಗಿರುತ್ತದೆ. ಒಂದು ಮಿಲಿಮೀಟರಿನಷ್ಟೂ ಇಲ್ಲದ ಈ ಗಾಯ ನೋಡಿ ಸಾಗುವಳಿಯ ಗೋಧಿಯನ್ನು ಗುರುತಿಸುತ್ತಾರೆ. ‘ಎಳ್ಳು ತಡವಾಗಿ ಕಿತ್ರೆ ಹೊಲದಲ್ಲೇ ಸಿಡಿದು ಹೋಗುತ್ತೆ’ ಎಂದು ಮಕ್ಕಳೇ ಉದಾಹರಣೆ ಕೊಟ್ಟರು.

ಈಗ ಪಂಪೆಲ್ಲಿಗೆ ಮರಳಿದೆವು. ಅನೌನಲ್ಲಿ ಅಗೆದ ಮೇಲೆ ಅವನೊಂದು ಊಹೆ ಮುಂದಿಟ್ಟ: ಹವೆ ಒಣಗುತ್ತ ಹೋದಂತೆ ಜನ, ಪ್ರಾಣಿ, ಗಿಡ ಎಲ್ಲ ನೀರಿದ್ದ ಓಯಸಿಸ್‌ಗಳಲ್ಲಿ ಒತ್ತೊತ್ತಾಗಿ ಸೇರಿದವು, ಆ ಒತ್ತಡದಲ್ಲಿ ವ್ಯವಸಾಯ ಮಧ್ಯ ಏಷ್ಯಾದ ಈ ಓಯಸಿಸ್‌ಗಳಲ್ಲೇ ಹುಟ್ಟಿತು. ಒಳ್ಳೆಯ ಊಹೆ, ಪುರಾತತ್ತ್ವಜ್ಞ ಗಾರ್ಡನ್ ಚೈಲ್ಡ್ ಇಂಥದ್ದೇ ವಿಚಾರವನ್ನು ಪಶ್ಚಿಮ ಏಷ್ಯಾಕ್ಕೆ ಅನ್ವಯಿಸಿ ಪ್ರಸಿದ್ಧಗೊಳಿಸಿದ. ಈ ಊಹೆ ಸರಿಯಾಗಿದ್ದರೆ ಏನು ಸಿಗಬೇಕು ಎಂದು ಕೇಳಿದೆ. ಗುಂಪುಗಳು ಚರ್ಚಿಸಿ ಹೇಳಿದ ಉತ್ತರ: ‘ಆ ಬೆಳೆಯ ಕಾಡು ಜಾತಿ ಅಲ್ಲೇ ಸುತ್ತಮುತ್ತ ಇರಬೇಕು.’

ಬಾರ್ಲಿಯ ಕಾಡು ಜಾತಿ ತುರ್ಕ್‌ಮೆನಿಸ್ತಾನದಲ್ಲಿ ಇದೆ. ಕಾಡು ಮೇಕೆ, ಕಾಡು ಕುರಿ ಕೊಪೆತ್ ದಾಗ್ ಬೆಟ್ಟಗಳಲ್ಲಿವೆ. ಆದರೆ ಐನ್‌ಕಾರ್ನ್‌ನ ಕಾಡು ಜಾತಿಯ ನೆಲೆ ಟರ್ಕಿಯಿಂದ ಇರಾನಿನ ಪಶ್ಚಿಮದ ಜಾಗ್ರೋಸ್ ಬೆಟ್ಟಗಳವರೆಗಿನ ಸೀಮೆ; ಜೆಯ್ತುನ್ ಅದರಾಚೆ ಬಹಳ ದೂರ. 1997ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನವೊಂದು ಸಾಗುವಳಿಯ ಐನ್‌ಕಾರ್ನ್‌ಗೆ ಅತಿ ಹತ್ತಿರದ ಕಾಡು ಗಿಡಗಳನ್ನು ಟರ್ಕಿಯ ಆಗ್ನೇಯದ ಕರಾಜದಾಗ್ ಬೆಟ್ಟಗಳಲ್ಲಿ ಗುರುತಿಸಿತು. ಭೂಪಟದ ಮೇಲೆ ದಾರ ಹಿಡಿದು ಅಳೆದರೆ ಅಲ್ಲಿಂದ ಜೆಯ್ತುನ್‌ಗೆ ನೇರ ದೂರ ಸುಮಾರು 1600 ಕಿ.ಮೀ. ಟರ್ಕಿಯ ಆ ಭಾಗದಲ್ಲಿ ಗೋಧಿಯ ಸಾಗುವಳಿ ಸುಮಾರು ಕ್ರಿ.ಪೂ. 8500ರ ಹೊತ್ತಿಗೆ ಕಾಣುತ್ತದೆ; ಜೆಯ್ತುನ್‌ನಲ್ಲಿ ಕ್ರಿ.ಪೂ. 6000. ಮಕ್ಕಳು ಭಾಗಿಸಿದರು: 2500 ವರ್ಷಕ್ಕೆ 1600 ಕಿ.ಮೀ., ವರ್ಷಕ್ಕೆ ಸರಾಸರಿ ಸುಮಾರು 0.6 ಕಿ.ಮೀ. ಒಂದೇ ವೇಗದಲ್ಲಿ, ನೇರ ದಾರಿಯಲ್ಲಿ ಬಂತೆಂದು ಇದರ ಅರ್ಥವಲ್ಲ. ಒಂದು ಅಂದಾಜು ಮಾತ್ರ.

ಹೀಗೆ ಒಂದು ಸುಟ್ಟ ಕಾಳು ಒಂದು ದೊಡ್ಡ ಊಹೆಯನ್ನು ತೂಗಿ ನೋಡಿತು. ಜೆಯ್ತುನ್‌ನ ಮುಖ್ಯ ಬೆಳೆ ಅಲ್ಲಿ ಹುಟ್ಟಿದ್ದಲ್ಲ, ಪಶ್ಚಿಮದಿಂದ ಬಂದದ್ದು. ಬಂದದ್ದು ಬೀಜವೋ, ಬೀಜ ಹಿಡಿದ ಜನವೋ? ಈ ಪ್ರಶ್ನೆಗೆ ಕಾಳು ಉತ್ತರ ಹೇಳಲಾರದು. ಮೂರನೇ ಕಾಲಂನಲ್ಲಿ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿದೆ.

ಹಲಗೆಯ ಮೂಲೆಯಲ್ಲಿ ಉಳಿದಿದ್ದ ಪ್ರಶ್ನೆಗೂ ಇಲ್ಲೇ ಉತ್ತರ ಸಿಕ್ಕಿತು. ಬೆಳೆಯ ಕಾಳಿನೊಂದಿಗೆ ಕಳೆಗಳ ಬೀಜಗಳೂ ಸಿಗುತ್ತವೆ. ಅವುಗಳಲ್ಲಿ ತೇವದ ನೆಲದಲ್ಲಿ ಬೆಳೆಯುವ ಜೇಕಿನ ಬಳಗದವೂ ಇವೆ. ಮಳೆಯನ್ನೇ ನಂಬದೆ, ಊರಿನ ಸಮೀಪ ಅಂತರ್ಜಲ ಮೇಲಿದ್ದ ತಗ್ಗು ನೆಲದಲ್ಲಿ ಬಿತ್ತುತ್ತಿದ್ದರು ಎಂಬುದು ಹ್ಯಾರಿಸ್ ಅವರ ತಂಡದ ವಿವರಣೆ.

ಸಾಕಣೆ ಮತ್ತು ಸಗಣಿಯ ಪ್ರಶ್ನೆ

ಮೂಳೆಗಳಲ್ಲಿ ಹೆಚ್ಚಿನವು ಸಾಕಿದ ಮೇಕೆ, ಕುರಿಗಳವು. ಜೊತೆಗೆ ಬೇಟೆಯಾಡಿದ ಚಿಂಕಾರದ ಬಳಗದ ಜಿಂಕೆಯಂಥ ಕಾಡುಪ್ರಾಣಿಗಳು. ಅಂದರೆ ಬಿತ್ತನೆ, ಸಾಕಣೆ, ಬೇಟೆ ಮೂರೂ ಒಟ್ಟಿಗೆ ನಡೆದಿದ್ದವು. ‘ಮೊದಲು ಬೇಟೆ, ಆಮೇಲೆ ಸಾಕಣೆ, ಆಮೇಲೆ ವ್ಯವಸಾಯ’ ಎಂದು ಮೆಟ್ಟಿಲಿನಂತೆ ಬರೆಯುವ ಅಭ್ಯಾಸ ಇಲ್ಲಿ ಸಡಿಲವಾಯಿತು. ದವಡೆಯ ಹಲ್ಲು ನೋಡಿ ಕುರಿಯ ವಯಸ್ಸು ಹೇಳಬಹುದು, ಗಂಡು ಮರಿಗಳನ್ನು ಎಳೆಯದರಲ್ಲೇ ಕೊಂದಿದ್ದರೆ ಸಾಕಣೆಯ ಗುರಿ ಏನೆಂದು ಊಹಿಸಬಹುದು ಎಂದು ವಿಧಾನವನ್ನಷ್ಟೇ ತಿಳಿಸಿದೆ.

ಕುರಿ ಸಾಕುವ ಮನೆಯ ಹುಡುಗನೊಬ್ಬ, ತರಗತಿಯಲ್ಲಿ ಸಾಮಾನ್ಯವಾಗಿ ಮಾತನಾಡದವನು, ಇಲ್ಲಿ ಕೈ ಎತ್ತಿದ. ‘ಮಿಸ್, ಕಳೆ ಬೀಜ ಹೊಲದಿಂದಲೇ ಬರಬೇಕು ಅಂತ ಇಲ್ಲ. ಕುರಿ ತಿಂದ ಬೀಜ ಹಿಕ್ಕೇಲಿ ಹಂಗೇ ಬರುತ್ತೆ. ಹಿಕ್ಕೆ, ಬೆರಣಿ ಒಲೆಗೆ ಹಾಕಿದ್ರೆ ಬೀಜ ಬೂದೀಲಿ ಇರುತ್ತೆ.’ ಮರ ಕಡಿಮೆ ಇರುವ ಒಣ ಸೀಮೆಗಳ ಪುರಾತನ ಸಸ್ಯಾವಶೇಷ ಓದುವ ಸಂಶೋಧಕರು ಗಂಭೀರವಾಗಿ ಚರ್ಚಿಸುವ ಪ್ರಶ್ನೆಯೇ ಇದು: ಒಲೆಯ ಬೂದಿಯಲ್ಲಿರುವ ಬೀಜ ಮನುಷ್ಯನ ಊಟದ್ದೋ, ಪ್ರಾಣಿಯ ಮೇವಿನದ್ದೋ? ಹಾಗಾದರೆ ತೇವದ ನೆಲ ಎಂಬ ವಿವರಣೆಗೆ ಎದುರಾಗಿ ‘ಕುರಿ ಜೌಗಿನಲ್ಲಿ ಮೇಯ್ದಿರಬಹುದು’ ಎಂಬುದೂ ಮೂರನೇ ಕಾಲಂಗೆ ಸೇರಿತು. ಅದನ್ನು ಅವನ ಕೈಯಿಂದಲೇ ಹಲಗೆಯ ಮೇಲೆ ಬರೆಸಿದೆ.

ಮೌಲ್ಯಮಾಪನ

ಘಟಕ ಪರೀಕ್ಷೆಗೆ ನಾನು ‘ಜೆಯ್ತುನ್ ಎಲ್ಲಿದೆ?’ ಎಂಬಂಥ ಪ್ರಶ್ನೆ ಇಡಲಿಲ್ಲ. ಮೂರು ಪ್ರಶ್ನೆ ಕೊಟ್ಟೆ. (1) ಅಲಗಿನ ಮೇಲೆ ಮಿನುಗಿದೆ, ಆದರೆ ಸ್ಥಳದಲ್ಲಿ ಒಂದೂ ಕಾಳು ಸಿಕ್ಕಿಲ್ಲ. ವ್ಯವಸಾಯವಿತ್ತು ಎನ್ನಬಹುದೇ? ಏಕೆ? (2) ಒಂದು ಮನೆಯ ತೊಲೆಯ ವಯಸ್ಸು ಅದೇ ಮನೆಯ ಕಾಳಿಗಿಂತ 200 ವರ್ಷ ಹೆಚ್ಚು ಬಂತು. ಎರಡು ಕಾರಣ ಕೊಡಿ. (3) ನಿಮ್ಮ ಅಡುಗೆಮನೆ ಇಂದು ಮಣ್ಣಿನಲ್ಲಿ ಹೂತುಹೋದರೆ 8000 ವರ್ಷದ ನಂತರ ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ?

ಮೂರನೆಯದಕ್ಕೆ ಬಂದ ಉತ್ತರಗಳು ನನಗೆ ಹೆಚ್ಚು ಹೇಳಿದವು. ಸ್ಟೀಲ್ ಪಾತ್ರೆ, ಗ್ಯಾಸ್ ಸಿಲಿಂಡರ್, ಪ್ಲಾಸ್ಟಿಕ್ ಡಬ್ಬಿ ಉಳಿಯುತ್ತವೆ, ಮುದ್ದೆ, ಸಾರು ಉಳಿಯುವುದಿಲ್ಲ ಎಂದು ಹಲವರು ಬರೆದರು. ‘ನಾವು ದಿನಾ ತಿನ್ನೋದೇ ಉಳಿಯಲ್ಲ, ಅದಕ್ಕೆ ಗ್ಯಾಸಲ್ಲಿ ಅಡುಗೆ ಮಾಡಿದರೆ ನಮ್ಮ ಕಾಳು ಯಾರಿಗೂ ಸಿಗಲ್ಲ’ ಎಂದು ಒಬ್ಬಳು ಬರೆದಿದ್ದಳು. ಸಾಕ್ಷ್ಯ ಇಲ್ಲದಿರುವುದೇ ಒಂದು ಸಂಗತಿ ಇರಲಿಲ್ಲ ಎಂಬುದಕ್ಕೆ ಪುರಾವೆಯಲ್ಲ ಎಂಬುದನ್ನು ಅವಳು ತನ್ನ ಮಾತಿನಲ್ಲಿ ಹೇಳಿದ್ದಳು.

ಅಷ್ಟು ದೂರದ ಊರು ಏಕೆ?

ಪಾಠ ವೀಕ್ಷಿಸಿದ ಅಧ್ಯಾಪಕರು ವೀಕ್ಷಣಾ ಪುಸ್ತಕದಲ್ಲಿ ಒಂದು ಪ್ರಶ್ನೆ ಬರೆದಿದ್ದರು: ‘ಪರಿಚಿತದಿಂದ ಅಪರಿಚಿತದ ಕಡೆಗೆ ಎಂಬುದು ಬೋಧನಾ ಸೂತ್ರ. ಸ್ಥಳೀಯ ನೆಲೆ ಬಿಟ್ಟು ತುರ್ಕ್‌ಮೆನಿಸ್ತಾನ ಏಕೆ?’ ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನ ಉತ್ತರ ಎರಡು ಭಾಗದ್ದು.

ಒಂದು, ಪರಿಚಿತವಾದದ್ದು ಇಲ್ಲಿ ಊರಲ್ಲ, ಕೆಲಸ. ಕುಟ್ಟುವುದು, ಕೇರುವುದು, ಒಲೆ ಉರಿಸುವುದು, ಕುರಿ ಮೇಯಿಸುವುದು ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಮನೆಯಲ್ಲಿ ಕಲಿತ ಆ ತಿಳಿವಳಿಕೆ ಈ ಎರಡು ಅವಧಿಗಳಲ್ಲಿ ಉತ್ತರ ಹುಡುಕುವ ಸಾಧನವಾಯಿತು.

ಎರಡು, ಮತ್ತು ಇದು ನನಗೆ ಹೆಚ್ಚು ಮುಖ್ಯವಾದದ್ದು: ‘ಇದು ಇಲ್ಲಿಯದೋ, ಹೊರಗಿನಿಂದ ಬಂದದ್ದೋ?’ ಎಂಬ ಪ್ರಶ್ನೆಯನ್ನು ನಮ್ಮ ಊರಿನ ಬಗ್ಗೆ, ನಮ್ಮ ಜನರ ಬಗ್ಗೆ, ನಮ್ಮ ಭಾಷೆಯ ಬಗ್ಗೆ ಕೇಳಿದರೆ ಉತ್ತರ ಹುಡುಕುವ ಮೊದಲೇ ಪಕ್ಷಗಳು ಹುಟ್ಟುತ್ತವೆ. ಮಕ್ಕಳು ಮನೆಯಲ್ಲಿ ಕೇಳಿದ್ದನ್ನು ತಂದು ಜಗಳವಾಡುತ್ತಾರೆ. ಜೆಯ್ತುನ್‌ನ ಗೋಧಿ ಎಲ್ಲಿಯದಾದರೂ ನಮ್ಮ ತರಗತಿಯಲ್ಲಿ ಯಾರ ಅಭಿಮಾನಕ್ಕೂ ಧಕ್ಕೆಯಿಲ್ಲ. ಆದ್ದರಿಂದ ಅವರು ಸಾಕ್ಷ್ಯವನ್ನು ಮಾತ್ರ ನೋಡಿ ವಾದಿಸಿದರು. ಬಾರ್ಲಿ ಅಲ್ಲಿಯದಿರಬಹುದು, ಐನ್‌ಕಾರ್ನ್ ಹೊರಗಿನದು, ಜನರ ವಿಷಯ ಇನ್ನೂ ಹೇಳಲಾಗದು ಎಂದು ಮೂರನ್ನೂ ಬೇರೆ ಬೇರೆಯಾಗಿ ಹಿಡಿದರು. ಈ ಅಭ್ಯಾಸವಾದ ಮೇಲೆ ಹತ್ತಿರದ ಪ್ರಶ್ನೆಗಳಿಗೆ ಬರುವುದು ಸುಲಭ.

ಬರಲು ದಾರಿಯೂ ಇದೆ. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಗಳಲ್ಲಿ ಇದೇ ತೇಲಿಸುವ ವಿಧಾನದಿಂದ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಹುರುಳಿ, ಹೆಸರು, ಕೊರಲೆ ಮುಂತಾದ ಕಾಳುಗಳನ್ನು ಗುರುತಿಸಿದ್ದಾರೆ. ಇವು ದಕ್ಷಿಣ ಭಾರತದಲ್ಲೇ ಸಾಗುವಳಿಗೆ ಬಂದ ಬೆಳೆಗಳೆಂಬುದು ಅವರ ವಾದ. ಅದೇ ನೆಲೆಗಳಲ್ಲಿ ಗೋಧಿ, ಬಾರ್ಲಿಯೂ ಸಿಕ್ಕಿವೆ. ಅವು ಹೊರಗಿನಿಂದ ಬಂದವು. ಒಂದೇ ಒಲೆಯ ಊರಿನಲ್ಲಿ ಇಲ್ಲಿಯದೂ ಇತ್ತು, ಬಂದದ್ದೂ ಇತ್ತು. ಜೆಯ್ತುನ್ ಓದಿದ ಮಕ್ಕಳು ಇದನ್ನು ಕೇಳಿ ಅಚ್ಚರಿಪಡಲಿಲ್ಲ. ‘ಯಾವ ಪದರದಲ್ಲಿ ಸಿಕ್ತು?’ ಎಂದು ಕೇಳಿದರು.

ಮುಂದೆ ಈ ಪಾಠ ಮಾಡುವವರಿಗೆ

ತೇಲಿಸುವ ಚಟುವಟಿಕೆಗೆ ಮಣ್ಣು ಪೂರ್ತಿ ಒಣಗಿರಬೇಕು. ಹಸಿ ಮಣ್ಣಿನ ಹೆಂಟೆಯೊಳಗೆ ಕಾಳು ಸಿಕ್ಕಿಕೊಳ್ಳುತ್ತದೆ. ಕಾಳನ್ನು ಬೂದಿಯಾಗುವಷ್ಟು ಸುಡಬೇಡಿ. ಮುಚ್ಚಳ ಮುಚ್ಚಿ ನಿಧಾನವಾಗಿ ಕರಿಕು ಮಾಡಿ. ಮಕ್ಕಳು ನೀರು ಬಗ್ಗಿಸುವಾಗ ಜಾಲರಿಗೆ ಒಬ್ಬರು, ಬಕೆಟ್ಟಿಗೆ ಇಬ್ಬರು ಇರಲಿ. ಚಟುವಟಿಕೆಗೆ 25 ನಿಮಿಷ ಮೀಸಲಿಟ್ಟರೆ ವಿಂಗಡಿಸುವ ಕೆಲಸವನ್ನು ಮಧ್ಯಾಹ್ನದ ಊಟದ ನಂತರ ಮುಗಿಸಬಹುದು. ಗ್ರಾಫ್‌ನಲ್ಲಿ ನೇರ ಗೆರೆ ಎಳೆದವರನ್ನು ಕೂಡಲೇ ತಿದ್ದಬೇಡಿ; 40 ಮತ್ತು 38ರ ನಡುವಿನ ವಾದವೇ ಆ ದಿನದ ಗಣಿತ.

ಗೃಹಪಾಠ: ಮನೆಯ ಒಲೆಯ ಅಥವಾ ನೀರು ಕಾಯಿಸುವ ಹಂಡೆಯ ಒಲೆಯ ತಣ್ಣಗಾದ ಬೂದಿಯನ್ನು ಒಂದು ಹಿಡಿ ತಂದು ತೇಲಿಸಿ. ಸಿಕ್ಕಿದ್ದನ್ನು ಮೂರು ಕಾಲಂನಲ್ಲಿ ಬರೆಯಿರಿ. ನಂತರ ಮನೆಯ ಹಿರಿಯರಲ್ಲಿ ಆ ವಾರ ಒಲೆಗೆ ಏನೇನು ಹಾಕಿದ್ದರು ಎಂದು ಕೇಳಿ ತಾಳೆ ನೋಡಿ.